ದೂರದ ಮಾತು ನಮ್ಮನ್ನು ಮುಟ್ಟುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಫೋನು, ರೇಡಿಯೊ, ಉಪಗ್ರಹ, ಸಮುದ್ರದ ಕೇಬಲ್ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಎಲ್ಲದರ ಹಿಂದೆಯೂ ಒಂದೇ ಸಮಸ್ಯೆ ಇದೆ. ಯಾವ ಸಿಗ್ನಲ್ ಆದರೂ ದೂರ ಹೋದಷ್ಟೂ ಸೊರಗುತ್ತದೆ, ಜೊತೆಗೆ ಬೇಡದ ಗದ್ದಲ ಸೇರಿಕೊಳ್ಳುತ್ತದೆ. ಆ ಸೊರಗನ್ನು ದಾರಿಯಲ್ಲಿ ಎಲ್ಲಿ, ಹೇಗೆ ಸರಿಮಾಡುತ್ತಾರೆ ಎಂದು ನೋಡುತ್ತಾ ಹೋದರೆ ಉಳಿದದ್ದು ತಾನಾಗಿಯೇ ಅರ್ಥವಾಗುತ್ತದೆ.

ಪ್ರಶ್ನೆ: ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ, ದಿನಾ ವಿಡಿಯೊ ಕಾಲ್ ಮಾಡುತ್ತೇವೆ. ಇದೆಲ್ಲ ಸ್ಯಾಟಲೈಟ್ ಮೂಲಕ ಬರೋದು ಅಂತ ನಮ್ಮ ಯಜಮಾನರು ಹೇಳ್ತಾರೆ. ಅಲ್ಲ ಅಜ್ಜಿ, ಸಮುದ್ರದೊಳಗೆ ತಂತಿ ಇದೆ ಅಂತಾಳೆ ಮೊಮ್ಮಗಳು. ಯಾರು ಸರಿ? (ದಾವಣಗೆರೆಯ ಓದುಗರು)

ಉತ್ತರ: ಮೊಮ್ಮಗಳು ಹೇಳಿದ್ದೇ ಸರಿ. ದೇಶದಿಂದ ದೇಶಕ್ಕೆ ಹೋಗುವ ಮಾಹಿತಿಯಲ್ಲಿ ಶೇಕಡಾ 95ಕ್ಕಿಂತ ಜಾಸ್ತಿ ಸಮುದ್ರದ ತಳದಲ್ಲಿ ಮಲಗಿರುವ ಕೇಬಲ್‌ಗಳಲ್ಲೇ ಹೋಗುತ್ತದೆ.

ನಿಮ್ಮ ಮುಖ, ನಿಮ್ಮ ದನಿ ಮೊದಲು ಫೋನಿನೊಳಗೇ ಅಂಕಿಗಳಾಗುತ್ತವೆ. ಬರೀ ಸೊನ್ನೆ ಮತ್ತು ಒಂದು. ಅವು ರೇಡಿಯೊ ತರಂಗವಾಗಿ ಗಾಳಿಯಲ್ಲಿ ಹೋಗುವುದು ಹತ್ತಿರದ ಟವರ್ ತನಕ ಮಾತ್ರ, ಮನೆಯಲ್ಲಿ ವೈಫೈ ಇದ್ದರೆ ಗೋಡೆಗೆ ತೂಗುಹಾಕಿದ ಪೆಟ್ಟಿಗೆ ತನಕ ಮಾತ್ರ. ಅಲ್ಲಿಂದ ಮುಂದೆ ರಸ್ತೆ ಬದಿಯಲ್ಲಿ ಹೂತಿಟ್ಟ ಫೈಬರ್ ಕೇಬಲ್‌ನಲ್ಲಿ ಬೆಳಕಾಗಿ ಬೆಂಗಳೂರಿಗೆ, ಬೆಂಗಳೂರಿನಿಂದ ಚೆನ್ನೈಗೋ ಮುಂಬೈಗೋ ಹೋಗುತ್ತವೆ. ಚೆನ್ನೈನಿಂದ ಕಡಲಿಗಿಳಿದರೆ ಸಿಂಗಪುರದ ಮೇಲೆ ಹಾದು ಪೆಸಿಫಿಕ್ ಸಾಗರ ದಾಟಿ ಅಮೆರಿಕದ ಪಶ್ಚಿಮ ತೀರ. ಮುಂಬೈನಿಂದ ಇಳಿದರೆ ಅರಬ್ಬಿ ಸಮುದ್ರ, ಕೆಂಪು ಸಮುದ್ರ, ಈಜಿಪ್ಟ್, ಮೆಡಿಟರೇನಿಯನ್, ಯುರೋಪು, ಆಮೇಲೆ ಅಟ್ಲಾಂಟಿಕ್. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು ಕಾಲು ಸೆಕೆಂಡಿನ ಆಸುಪಾಸು ಸಾಕು. ಅದಕ್ಕೇ ನೀವು ನಕ್ಕದ್ದು ಅವನಿಗೆ ಆಗಲೇ ಕಾಣುತ್ತದೆ.

ಈ ಕೇಬಲ್ ನೋಡಿದರೆ ನಿಮಗೆ ಆಶ್ಚರ್ಯವಾಗುತ್ತದೆ. ಆಳ ಸಮುದ್ರದಲ್ಲಿ ಅದರ ದಪ್ಪ ಹೆಚ್ಚೂಕಡಿಮೆ ಎರಡು ಸೆಂಟಿಮೀಟರ್. ಅದರಲ್ಲೂ ಬಹುಪಾಲು ಉಕ್ಕಿನ ತಂತಿ, ತಾಮ್ರ ಮತ್ತು ಪ್ಲಾಸ್ಟಿಕ್ ಹೊದಿಕೆ. ನಡುವೆ ಕೆಲವೇ ಗಾಜಿನ ಎಳೆಗಳು, ಒಂದೊಂದೂ 0.125 ಮಿಲಿಮೀಟರ್ ದಪ್ಪ. ಬೆಳಕು ಓಡುವ ಒಳತಿರುಳು ಇನ್ನೂ ಸಣ್ಣದು, ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ತುಸು ಕಡಿಮೆ.

ಬೆಳಕು ಎಳೆಯಿಂದ ಹೊರಗೆ ಸೋರಿಹೋಗುವುದಿಲ್ಲ ಯಾಕೆ? ಬಾವಿಯಲ್ಲೋ ಕೆರೆಯಲ್ಲೋ ಮುಳುಗಿ ಓರೆಯಾಗಿ ಮೇಲಕ್ಕೆ ನೋಡಿದವರಿಗೆ ಗೊತ್ತು, ನೀರಿನ ಮೇಲ್ಮೈ ಒಳಗಿನಿಂದ ಕನ್ನಡಿಯಾಗಿ ಹೊಳೆಯುತ್ತದೆ. ದಟ್ಟ ವಸ್ತುವಿನಿಂದ ತೆಳು ವಸ್ತುವಿನ ಕಡೆಗೆ ತುಂಬಾ ಓರೆಯಾಗಿ ಬಿದ್ದ ಬೆಳಕು ಹೊರಗೆ ದಾಟದೆ ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. ಗಾಜಿನ ಎಳೆಯಲ್ಲೂ ಒಳತಿರುಳು ಸ್ವಲ್ಪ ದಟ್ಟ, ಹೊರಪದರ ಸ್ವಲ್ಪ ತೆಳು. ಬೆಳಕು ಒಳಗೇ ಸಿಕ್ಕಿಬಿದ್ದು ಕೇಬಲ್ ಬಾಗಿದ ಕಡೆ ತಾನೂ ಬಾಗುತ್ತದೆ.

ಆದರೆ ಸಾಮಾನ್ಯ ಕಿಟಕಿ ಗಾಜಿನಲ್ಲಿ ಬೆಳಕು ಕೆಲವು ಮೀಟರ್ ಹೋಗುವಷ್ಟರಲ್ಲಿ ಹೆಚ್ಚುಕಡಿಮೆ ಸತ್ತುಹೋಗುತ್ತದೆ. ಗಾಜಿನಲ್ಲಿರುವ ಕಲ್ಮಶವೇ ಇದಕ್ಕೆ ಕಾರಣ, ಅದನ್ನು ತೆಗೆದರೆ ಬಹಳ ದೂರ ಬೆಳಕು ಕಳಿಸಬಹುದು ಎಂದು 1966ರಲ್ಲಿ ಚಾರ್ಲ್ಸ್ ಕಾವೊ ಲೆಕ್ಕ ಮಾಡಿ ಹೇಳಿದರು. 2009ರಲ್ಲಿ ಅವರಿಗೆ ನೊಬೆಲ್ ಬಂತು. ಅದಕ್ಕೂ ಮೊದಲು, 1950ರ ದಶಕದಲ್ಲಿ, ಗಾಜಿನ ಎಳೆಗಳ ಕಟ್ಟಿನಲ್ಲಿ ಚಿತ್ರ ಸಾಗಿಸಿ ತೋರಿಸಿದವರಲ್ಲಿ ಒಬ್ಬರು ಪಂಜಾಬಿನ ನರೀಂದರ್ ಸಿಂಗ್ ಕಪಾನಿ. ಅವರ ಹೆಸರು ನಮ್ಮ ಮಕ್ಕಳಿಗೂ ಗೊತ್ತಿರಬೇಕು.

ಇವತ್ತಿನ ಗಾಜು ಎಷ್ಟು ಶುದ್ಧ ಎಂದರೆ 15 ಕಿ.ಮೀ. ಹೋದ ಮೇಲೂ ಅರ್ಧ ಬೆಳಕು ಉಳಿದಿರುತ್ತದೆ. ಆದರೆ 100 ಕಿ.ಮೀ. ಹೋದರೆ ನೂರರಲ್ಲಿ ಒಂದು ಪಾಲು, 200 ಹೋದರೆ ಹತ್ತು ಸಾವಿರದಲ್ಲಿ ಒಂದು ಪಾಲು. ಈ ಲೆಕ್ಕದಲ್ಲಿ ಅಮೆರಿಕ ಮುಟ್ಟುವಾಗ ಏನೂ ಉಳಿಯುವುದಿಲ್ಲ. ಅದಕ್ಕೆ 60ರಿಂದ 100 ಕಿ.ಮೀ.ಗೆ ಒಂದರಂತೆ ಆಂಪ್ಲಿಫೈಯರ್ ಕೂರಿಸುತ್ತಾರೆ. ಒಳಗೆ ಕೆಲವು ಮೀಟರ್ ಉದ್ದದ ವಿಶೇಷ ಎಳೆ ಇರುತ್ತದೆ, ಅದರ ಗಾಜಿಗೆ ಎರ್ಬಿಯಂ ಎಂಬ ಲೋಹದ ಪರಮಾಣುಗಳನ್ನು ಬೆರೆಸಿರುತ್ತಾರೆ. ಬೇರೊಂದು ಲೇಸರ್ ಆ ಪರಮಾಣುಗಳಿಗೆ ಶಕ್ತಿ ತುಂಬಿ ಇಟ್ಟಿರುತ್ತದೆ. ಸೊರಗಿದ ಬೆಳಕು ಅಲ್ಲಿ ಹಾಯುವಾಗ ಪರಮಾಣುಗಳು ಅದೇ ಥರದ ಬೆಳಕನ್ನು ಬಿಟ್ಟು ಅದನ್ನು ಮತ್ತೆ ಬಲಪಡಿಸುತ್ತವೆ. ಆ ಲೇಸರ್‌ಗೆ ಸಮುದ್ರದ ತಳದಲ್ಲಿ ಕರೆಂಟ್ ಎಲ್ಲಿಂದ? ಕೇಬಲ್‌ನೊಳಗಿನ ತಾಮ್ರದ ಮೂಲಕ ದಡದಿಂದ ಸಾವಿರಾರು ವೋಲ್ಟ್ ಕಳಿಸುತ್ತಾರೆ. ಅಷ್ಟು ಆಳದಲ್ಲಿ, ಕತ್ತಲಲ್ಲಿ, 25 ವರ್ಷ ಕೆಡದೆ ದುಡಿಯಬೇಕು ಎಂದು ಲೆಕ್ಕ ಹಾಕಿಯೇ ಅದನ್ನು ಮಾಡಿರುತ್ತಾರೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಯಂತ್ರ ಇದೇ.

ಪ್ರಶ್ನೆ: ಅಷ್ಟು ತೆಳು ಕೇಬಲ್ ತುಂಡಾದರೆ? ಶಾರ್ಕ್ ಕಚ್ಚುತ್ತದೆ ಅಂತ ಓದಿದ್ದೆ. (ಹಾವೇರಿ)

ಉತ್ತರ: ಶಾರ್ಕ್ ವಿಷಯ ಬಿಡಿ, ಅದರಿಂದ ಆಗುವ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ತುಂಡು ಮಾಡುವುದು ಹೆಚ್ಚಾಗಿ ಹಡಗಿನ ಲಂಗರು ಮತ್ತು ತಳ ಗೋರುವ ಮೀನಿನ ಬಲೆ. ಜಗತ್ತಿನಲ್ಲಿ ವರ್ಷಕ್ಕೆ 150ರಿಂದ 200 ಸಲ ಎಲ್ಲಾದರೂ ಕೇಬಲ್ ಕೆಡುತ್ತದೆ. ನಮಗೆ ಗೊತ್ತಾಗುವುದಿಲ್ಲ, ಯಾಕೆಂದರೆ ಮಾಹಿತಿಯನ್ನು ತಕ್ಷಣ ಬೇರೆ ಕೇಬಲ್‌ಗೆ ತಿರುಗಿಸುತ್ತಾರೆ. ಗೊತ್ತಾದ ಸಂದರ್ಭಗಳೂ ಇವೆ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ಬಳಿ ಎರಡು ಕೇಬಲ್ ಒಟ್ಟಿಗೆ ಕೆಟ್ಟು ಭಾರತದ ಇಂಟರ್ನೆಟ್ ಹಲವು ದಿನ ಕುಂಟಿತು. 2024ರಲ್ಲಿ ಮತ್ತೆ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ತುಂಡಾದವು. ನಮ್ಮಿಂದ ಯುರೋಪಿನ ಕಡೆಗೆ ಹೋಗುವ ಕೇಬಲ್‌ಗಳಲ್ಲಿ ಬಹುಪಾಲು ಅದೇ ಇಕ್ಕಟ್ಟಿನಲ್ಲಿ ಹಾಯುವುದರಿಂದ ಅಲ್ಲಿ ಏನಾದರೂ ನಮಗೆ ತಟ್ಟುತ್ತದೆ.

ಒಂದೇ ಕೇಬಲ್ ಇದ್ದವರ ಪಾಡು ಟೊಂಗಾ ದೇಶದವರಿಗೆ ಗೊತ್ತು. 2022ರ ಜನವರಿ 15ರಂದು ಅಲ್ಲಿ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದಾಗ ಫಿಜಿಗೆ ಹೋಗುವ ಕೇಬಲ್ ಹಾಳಾಯಿತು. ಸರಿಹೋಗಲು ಐದು ವಾರ ಬೇಕಾಯಿತು. ವಿದೇಶದಲ್ಲಿದ್ದ ಮಕ್ಕಳಿಗೆ ಅಪ್ಪ ಅಮ್ಮ ಬದುಕಿದ್ದಾರಾ ಎಂದು ತಿಳಿಯುವುದಕ್ಕೇ ದಿನಗಟ್ಟಲೆ ಕಾಯಬೇಕಾಯಿತು.

ದುರಸ್ತಿ ಹೇಗೆ ಅಂದರೆ, ದಡದಿಂದ ಎಳೆಯೊಳಗೆ ಬೆಳಕಿನ ಮಿಡಿತ ಬಿಟ್ಟು ಅದು ಎಷ್ಟು ಹೊತ್ತಿಗೆ ಮರಳಿತು ಎಂದು ಅಳೆದು ಎಲ್ಲಿ ಕೆಟ್ಟಿದೆ ಎಂದು ಕಂಡುಹಿಡಿಯುತ್ತಾರೆ. ಹಡಗು ಆ ಜಾಗಕ್ಕೆ ಹೋಗಿ ಕೊಕ್ಕೆ ಇಳಿಸಿ ತುದಿಗಳನ್ನು ಮೇಲೆತ್ತುತ್ತದೆ. ಹಡಗಿನ ಮೇಲೆ ಕೂತು ಒಂದೊಂದೇ ಗಾಜಿನ ಎಳೆಯನ್ನು ಕರಗಿಸಿ ಜೋಡಿಸುತ್ತಾರೆ. ಅಲೆ ಜೋರಿದ್ದರೆ ಕಾಯಲೇಬೇಕು.

ಪ್ರಶ್ನೆ: ಸಮುದ್ರದ ಕೇಬಲ್ ಬ್ರಿಟಿಷರ ಕಾಲದಲ್ಲೇ ಇತ್ತಂತೆ. ಮೊದಲನೆಯದು ಹಾಳಾಯಿತು ಅಂತಲೂ ಕೇಳಿದ್ದೇನೆ. ಯಾಕೆ? (ಧಾರವಾಡದ ಪ್ರೌಢಶಾಲಾ ಶಿಕ್ಷಕರು)

ಉತ್ತರ: ಸರ್, ತರಗತಿಯಲ್ಲಿ ಹೇಳಲೇಬೇಕಾದ ಕಥೆ ಇದು. 1858ರ ಆಗಸ್ಟ್‌ನಲ್ಲಿ ಐರ್ಲೆಂಡ್ ಮತ್ತು ಉತ್ತರ ಅಮೆರಿಕದ ನ್ಯೂಫೌಂಡ್‌ಲ್ಯಾಂಡ್ ನಡುವೆ ಮೊದಲ ಅಟ್ಲಾಂಟಿಕ್ ಟೆಲಿಗ್ರಾಫ್ ಕೇಬಲ್ ಜೋಡಣೆಯಾಯಿತು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷರಿಗೆ ಕಳಿಸಿದ 98 ಪದಗಳ ಸಂದೇಶ ದಾಟಲು ಸುಮಾರು 16 ಗಂಟೆ ತಗಲಿತು.

ಇಷ್ಟು ನಿಧಾನ ಯಾಕೆ? ನೆಲದ ಮೇಲಿನ ತಂತಿಯಲ್ಲಿ ಹೀಗಾಗುತ್ತಿರಲಿಲ್ಲ. ಸಮುದ್ರದಲ್ಲಿ ತಾಮ್ರದ ತಂತಿಯ ಸುತ್ತ ಗಟಾಪರ್ಚಾ ಎಂಬ ಮರದ ಅಂಟಿನ ಹೊದಿಕೆ, ಅದರ ಸುತ್ತ ಉಪ್ಪುನೀರು. ಈ ಜೋಡಣೆ ಉದ್ದಕ್ಕೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಡುತ್ತದೆ. ಈ ತುದಿಯಲ್ಲಿ ಥಟ್ಟನೆ ಒತ್ತಿದ ಟೆಲಿಗ್ರಾಫ್ ಸಂಕೇತದ ಒಂದು ಚುಕ್ಕೆ ಆ ತುದಿಯಲ್ಲಿ ಉದ್ದಕ್ಕೆ ಹರಡಿದ ಕಲೆಯಾಗಿ ಬರುತ್ತದೆ. ಬೇಗ ಬೇಗ ಕಳಿಸಿದರೆ ಒಂದರ ಮೇಲೊಂದು ಬಿದ್ದು ಏನೂ ಓದಲಾಗುವುದಿಲ್ಲ. ಕೇಬಲ್ ಎರಡರಷ್ಟು ಉದ್ದವಾದರೆ ತೊಂದರೆ ನಾಲ್ಕರಷ್ಟು ಎಂದು ವಿಲಿಯಂ ಥಾಮ್ಸನ್ ಮೊದಲೇ ಲೆಕ್ಕ ಹಾಕಿ ಹೇಳಿದ್ದರು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು ಇವರೇ.

ಕೇಬಲ್ ಕಂಪನಿಯ ವಿದ್ಯುತ್ ವಿಭಾಗ ನೋಡಿಕೊಳ್ಳುತ್ತಿದ್ದವರು ವೈಲ್ಡ್‌ಮನ್ ವೈಟ್‌ಹೌಸ್, ವೃತ್ತಿಯಿಂದ ವೈದ್ಯರು. ಥಾಮ್ಸನ್ ಲೆಕ್ಕವನ್ನು ಅವರು ಒಪ್ಪಲಿಲ್ಲ. ಸಿಗ್ನಲ್ ಬರುತ್ತಿಲ್ಲವೇ, ಹಾಗಾದರೆ ಜೋರಾಗಿ ತಳ್ಳೋಣ ಎಂದು 2,000 ವೋಲ್ಟ್‌ನಷ್ಟು ಕೊಟ್ಟರು. ಮೊದಲೇ ಕುಂದಿದ್ದ ಹೊದಿಕೆ ಸುಟ್ಟಿತು. ಕೆಲವೇ ವಾರಗಳಲ್ಲಿ ಕೇಬಲ್ ಸತ್ತಿತು. ಥಾಮ್ಸನ್ ದಾರಿ ಇದಕ್ಕೆ ಪೂರಾ ಉಲ್ಟಾ: ಕಳಿಸುವ ಕಡೆ ಬಲ ಹೆಚ್ಚಿಸಬೇಡಿ, ಕೇಳುವ ಕಡೆ ಸೂಕ್ಷ್ಮತೆ ಹೆಚ್ಚಿಸಿ. ಪುಟ್ಟ ಕನ್ನಡಿಯ ಹಿಂದೆ ಪುಟ್ಟ ಅಯಸ್ಕಾಂತ ಅಂಟಿಸಿ ದಾರದಲ್ಲಿ ತೂಗುಬಿಟ್ಟು, ದೀಪದ ಬೆಳಕನ್ನು ಅದರ ಮೇಲೆ ಬಿಟ್ಟರು. ಅತಿ ಸಣ್ಣ ಕರೆಂಟ್ ಬಂದರೂ ಕನ್ನಡಿ ಅಲ್ಲಾಡಿ ಎದುರಿನ ಅಳತೆಪಟ್ಟಿಯ ಮೇಲೆ ಬೆಳಕಿನ ಚುಕ್ಕೆ ಸರಿಯುತ್ತಿತ್ತು. 1866ರಲ್ಲಿ ಹಾಕಿದ ಕೇಬಲ್ ಗಟ್ಟಿಯಾಗಿ ನಿಂತಿತು. 1870ರಲ್ಲಿ ಮುಂಬೈ, ಏಡನ್, ಸೂಯೆಜ್ ಮೂಲಕ ಇಂಗ್ಲೆಂಡಿಗೆ ಸಮುದ್ರದ ಸಂಪರ್ಕವಾಯಿತು.

ದೂರದ ಸಂವಹನದಲ್ಲಿ ಆಮೇಲೆ ಬಂದ ದೊಡ್ಡ ಹೆಜ್ಜೆಗಳಲ್ಲಿ ಬಹಳಷ್ಟು ಥಾಮ್ಸನ್ ತೋರಿಸಿದ ದಾರಿಯವೇ, ಅಂದರೆ ಕಿವಿ ಚುರುಕು ಮಾಡಿಕೊಂಡದ್ದು. ಕೆಳಗೆ ಬ್ಯಾಲಾಳುವಿನ ದೊಡ್ಡ ಡಿಶ್‌ನ ಪ್ರಶ್ನೆಯಲ್ಲಿ ಇದು ಮತ್ತೆ ಬರುತ್ತದೆ.

ಪ್ರಶ್ನೆ: ಹಿಂದೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದೆವು, ಸಿಕ್ಕ ಮೇಲೆ ಇಡೀ ಬೀದಿಗೆ ಕೇಳುವ ಹಾಗೆ ಕಿರುಚಬೇಕಿತ್ತು. ಈಗ ಪಿಸುಗುಟ್ಟಿದರೂ ಕೇಳುತ್ತದೆ. ಏನು ಬದಲಾಯಿತು? (ಬೈಲಹೊಂಗಲ)

ಉತ್ತರ: ಆಗ ನಿಮ್ಮ ದನಿಯ ಏರಿಳಿತವೇ ಕರೆಂಟಿನ ಏರಿಳಿತವಾಗಿ ತಾಮ್ರದ ತಂತಿಯಲ್ಲಿ ಹೋಗುತ್ತಿತ್ತು. ದಾರಿಯಲ್ಲಿ ಸೊರಗಿದಾಗ ಆಂಪ್ಲಿಫೈಯರ್ ಹಾಕಿ ದೊಡ್ಡದು ಮಾಡುತ್ತಿದ್ದರು, ಆದರೆ ಅದು ದನಿಯ ಜೊತೆ ಗೊರಗೊರ ಸದ್ದನ್ನೂ ದೊಡ್ಡದು ಮಾಡುತ್ತಿತ್ತು. ಮುಂದಿನ ಆಂಪ್ಲಿಫೈಯರ್ ಅದಕ್ಕೆ ತನ್ನದೂ ಸ್ವಲ್ಪ ಸೇರಿಸುತ್ತಿತ್ತು. ಜೆರಾಕ್ಸ್‌ನಿಂದ ಜೆರಾಕ್ಸ್ ತೆಗೆಯುತ್ತಾ ಹೋದ ಹಾಗೆ. ಕೊನೆಗೆ ಉಳಿದ ಉಪಾಯ ಕಿರುಚುವುದೊಂದೇ.

ಈಗ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಪ್ರತಿ ಅಳತೆಯನ್ನೂ ಅಂಕಿಯಾಗಿ ಬರೆಯುತ್ತಾರೆ. ತಂತಿಯಲ್ಲಿ ಹೋಗುವುದು ಆ ಅಂಕಿಗಳು. ದಾರಿಯಲ್ಲಿ ಎಷ್ಟೇ ಮಸುಕಾದರೂ ನಡುವಿನ ಯಂತ್ರ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇದು ಸೊನ್ನೆಯಾ, ಒಂದಾ? ತೀರ್ಮಾನಿಸಿ ಹೊಸದಾಗಿ, ಸ್ವಚ್ಛವಾಗಿ ಬರೆದು ಮುಂದೆ ಕಳಿಸುತ್ತದೆ. ಗದ್ದಲ ಅಲ್ಲೇ ಸಾಯುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಧಾರವಾಡವಾಗಲಿ ಡೆನ್ಮಾರ್ಕ್ ಆಗಲಿ ದನಿ ಒಂದೇ ಥರ ಕೇಳುವುದು ಇದರಿಂದ.

ನೀವು ಬೈಲಹೊಂಗಲದವರು ಅಂತ ಇದನ್ನು ವಿಶೇಷವಾಗಿ ಹೇಳುತ್ತೇನೆ. ನಮ್ಮ ದೇಶದಲ್ಲೇ ವಿನ್ಯಾಸ ಮಾಡಿದ ಗ್ರಾಮೀಣ ಡಿಜಿಟಲ್ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು ನಿಮ್ಮ ಪಕ್ಕದ ಕಿತ್ತೂರಿನಲ್ಲಿ, 1986ರಲ್ಲಿ. 1984ರಲ್ಲಿ ಹುಟ್ಟಿದ, ಕೇಂದ್ರ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್ ಮಾಡಿದ 128 ಲೈನಿನ ಯಂತ್ರ ಅದು. ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಎಸಿ ಕೋಣೆ ಬೇಕಿತ್ತು. ಇದು ಧೂಳು, ಸೆಕೆ, ಕೈಕೊಡುವ ಕರೆಂಟು ಎಲ್ಲವನ್ನೂ ತಡೆದುಕೊಳ್ಳುವಂತೆ, ಹಳ್ಳಿಯ ಸಾಮಾನ್ಯ ಕಟ್ಟಡದಲ್ಲಿ ಕೂರುವಂತೆ ಮಾಡಿದ್ದು. ಊರೂರಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಬಂತಲ್ಲ, ಅದರ ಹಿಂದೆ ಈ ಥರದ ಯಂತ್ರಗಳ ದೊಡ್ಡ ಪಾಲಿದೆ. ಕಿತ್ತೂರಿಗೆ ಹೋದವರು ಚೆನ್ನಮ್ಮನ ಕೋಟೆ ನೋಡಿ ಬರುತ್ತಾರೆ, ಇದನ್ನೂ ನೆನೆಯಬೇಕು ಅನ್ನುವುದು ನನ್ನ ಆಸೆ.

ಪ್ರಶ್ನೆ: ಫೋನಿನಲ್ಲಿ ಹೆಸರು ಹೇಳಿದರೆ ‘ಸ’ ಮತ್ತು ‘ಫ’ ಗೊಂದಲವಾಗುತ್ತದೆ, ಎದುರಿಗೆ ಮಾತಾಡಿದರೆ ಆಗುವುದಿಲ್ಲ. ನನ್ನ ಕಿವಿ ದೋಷವಾ? (ತುಮಕೂರು)

ಉತ್ತರ: ಕಿವಿಯದ್ದಲ್ಲ. ಹಳೇ ಪದ್ಧತಿಯ ಫೋನು 300ರಿಂದ 3,400 ಹರ್ಟ್ಸ್ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ) ನಡುವಿನ ದನಿಯನ್ನು ಮಾತ್ರ ಸಾಗಿಸುತ್ತದೆ. ಸ್ವರಗಳಿಗೆ ಅದು ಸಾಕು. ‘ಸ’, ‘ಫ’ಗಳ ಗುರುತು ಇರುವುದು ಅದಕ್ಕಿಂತ ಮೇಲಿನ ಸುಯ್ಯನೆಯ ಸದ್ದಿನಲ್ಲಿ, ಅದು ಕತ್ತರಿಸಿಹೋಗುತ್ತದೆ. 4ಜಿಯಲ್ಲಿ ಬರುವ ಎಚ್‌ಡಿ ಕರೆ ಸುಮಾರು 7,000 ಹರ್ಟ್ಸ್ ತನಕ ಸಾಗಿಸುವುದರಿಂದ ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಎರಡೂ ಕಡೆ ಆ ಸೌಲಭ್ಯ ಇರಬೇಕು.

ಪ್ರಶ್ನೆ: ನಮ್ಮ ಮನೆ ಗುಡ್ಡದ ಹಿಂದೆ. ಫೋನಿನಲ್ಲಿ ಒಂದು ಕಡ್ಡಿ ಕಾಣುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಮಳೆಗಾಲದಲ್ಲಂತೂ ಆ ಕಡ್ಡಿಯೂ ಇಲ್ಲ. (ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಮಲೆನಾಡಿನಿಂದ ಈ ಪ್ರಶ್ನೆ ಪ್ರತಿ ಸಲವೂ ಬರುತ್ತದೆ. ಕಡ್ಡಿ ತೋರಿಸುವುದು ಟವರ್‌ನ ದನಿ ನಿಮ್ಮ ಫೋನಿಗೆ ಎಷ್ಟು ಕೇಳುತ್ತಿದೆ ಎಂಬುದನ್ನು. ನಿಮ್ಮ ಫೋನಿನ ದನಿ ಟವರ್‌ಗೆ ಕೇಳುತ್ತಿದೆಯಾ ಎಂಬುದು ಅದರಲ್ಲಿ ಗೊತ್ತಾಗುವುದಿಲ್ಲ. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕಳಿಸುತ್ತದೆ. 4ಜಿ ಫೋನಿಗೆ ಇರುವುದು ಸುಮಾರು 0.2 ವ್ಯಾಟ್. ನಿಮಗೆ ಅದು ಕೇಳಿಸಿದರೂ ಅದಕ್ಕೆ ನೀವು ಕೇಳಿಸುತ್ತಿಲ್ಲ, ಅದಕ್ಕೇ ಕರೆ ಹೋಗುವುದಿಲ್ಲ. ಇಂಥ ಕಡೆ ಫೋನು ಪೂರ್ತಿ ಬಲ ಹಾಕಿ ಹುಡುಕುತ್ತಲೇ ಇರುವುದರಿಂದ ಬ್ಯಾಟರಿಯೂ ಬೇಗ ಖಾಲಿ.

ಇನ್ನು ಗುಡ್ಡ. ಉದ್ದ ತರಂಗಗಳು ಅಡ್ಡಿಯ ಅಂಚಿನಲ್ಲಿ ಸ್ವಲ್ಪ ಬಾಗಿ ಹಿಂದಕ್ಕೂ ಇಳಿಯುತ್ತವೆ, ಗಿಡ್ಡ ತರಂಗಗಳು ಅಷ್ಟಾಗಿ ಬಾಗುವುದಿಲ್ಲ. 700 ಮೆಗಾಹರ್ಟ್ಸ್ ತರಂಗ 43 ಸೆಂಟಿಮೀಟರ್ ಉದ್ದ. 5ಜಿಗೆ ಹೆಚ್ಚಾಗಿ ಬಳಸುವ 3,300 ಮೆಗಾಹರ್ಟ್ಸ್‌ನದ್ದು ಒಂಬತ್ತೇ ಸೆಂಟಿಮೀಟರ್. ಅದನ್ನು ಒದ್ದೆ ಎಲೆಗಳೂ ಹೀರಿಕೊಳ್ಳುತ್ತವೆ. ಹಾಗಾಗಿ ಹೊಸ ಸಿಮ್ ತಗೊಳ್ಳುವಾಗ ‘5ಜಿ ಇದೆಯಾ’ ಅಂತ ಕೇಳುವುದಕ್ಕಿಂತ ನಿಮ್ಮ ಟವರ್‌ನಲ್ಲಿ ಯಾವ ಕಂಪನಿಯ 700, 850 ಅಥವಾ 900 ಮೆಗಾಹರ್ಟ್ಸ್ ಇದೆ ಅಂತ ಕೇಳಿ.

ಮಳೆಗಾಲದಲ್ಲಿ ಹೋಗುವುದಕ್ಕೆ ಎಲೆಗಿಂತ ದೊಡ್ಡ ಕಾರಣ ಕರೆಂಟು. ಮರ ಬಿದ್ದು ಲೈನ್ ಹೋದರೆ ಟವರ್ ಬ್ಯಾಟರಿಯಲ್ಲಿ ಕೆಲವು ಗಂಟೆ ನಡೆಯುತ್ತದೆ, ಆಮೇಲೆ ಡೀಸೆಲ್ ಹಾಕುವವರು ಬರಬೇಕು. ರಸ್ತೆ ಅಗಲ ಮಾಡುವ ಜೆಸಿಬಿ ಫೈಬರ್ ಕಿತ್ತರೂ ಅಷ್ಟೇ: ಟವರ್ ಜೀವಂತ, ಕಡ್ಡಿ ಪೂರ್ತಿ, ಆದರೆ ಟವರ್‌ನಿಂದ ಮುಂದಕ್ಕೆ ದಾರಿ ಇಲ್ಲ. ಮನೆಗೆ ಫೈಬರ್ ಇಂಟರ್ನೆಟ್ ಬರುವಂತಿದ್ದರೆ ಹಾಕಿಸಿ, ಫೋನಿನ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಗುಡ್ಡದ ಸಮಸ್ಯೆ ಅಲ್ಲಿಗೆ ಮುಗಿಯಿತು. ಕೋವಿಡ್ ಸಮಯದಲ್ಲಿ ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡದ ಮೇಲೆ ಕೂತು ಪಾಠ ಕೇಳಿದ್ದನ್ನು ನಾವೆಲ್ಲ ನೋಡಿದ್ದೇವೆ. ಹತ್ತು ಮನೆಯ ಊರಿಗೂ ಫೈಬರ್ ಎಳೆಯುವುದು ಲಾಭ ನಷ್ಟದ ಲೆಕ್ಕವಾಗಿ ಉಳಿಯಬಾರದು.

ಪ್ರಶ್ನೆ: ಒಂದೇ ಮನೆಯೊಳಗೆ ನಾನು ಹೆಂಡತಿಗೆ ಫೋನ್ ಮಾಡಿದರೆ ನೇರವಾಗಿ ಹೋಗುತ್ತದಾ? (ಗದಗ)

ಉತ್ತರ: ಇಲ್ಲ. ಪಕ್ಕದಲ್ಲೇ ಕೂತಿದ್ದರೂ ಟವರ್‌ಗೆ ಹೋಗಿ, ಅಲ್ಲಿಂದ ಕಂಪನಿಯ ಕೇಂದ್ರದಲ್ಲಿರುವ ಯಂತ್ರಗಳ ತನಕ ಹೋಗಿ ವಾಪಸ್ ಬರುತ್ತದೆ.

ಪ್ರಶ್ನೆ: ಹಗಲು ಕೇಳದ ದೂರದ ಆಕಾಶವಾಣಿ ರಾತ್ರಿ ಸ್ಪಷ್ಟವಾಗಿ ಕೇಳುತ್ತದೆ. ಎಫ್‌ಎಂ ಹಾಗೆ ಬರುವುದಿಲ್ಲವಲ್ಲ? (ರಾಯಚೂರು)

ಉತ್ತರ: ರೇಡಿಯೊ ಇನ್ನೂ ಕೇಳುತ್ತಿದ್ದೀರಿ ಅನ್ನುವುದೇ ನನಗೆ ಖುಷಿ. ನಮ್ಮ ತಲೆಯ ಮೇಲೆ 60 ಕಿ.ಮೀ.ನಿಂದ ಕೆಲವು ನೂರು ಕಿ.ಮೀ. ತನಕ, ಸೂರ್ಯನ ಕಿರಣಗಳು ಗಾಳಿಯ ಕಣಗಳಿಂದ ಎಲೆಕ್ಟ್ರಾನ್ ಕಿತ್ತು ಮಾಡಿದ ಪದರಗಳಿವೆ. ಮೇಲಿನ ಪದರಗಳು ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್ ತರಂಗಗಳನ್ನು ಬಾಗಿಸಿ ನೆಲಕ್ಕೆ ಮರಳಿಸುತ್ತವೆ. ತೊಂದರೆ ಕೊಡುವುದು ಕೆಳಗಿನ ಪದರ. ಹಗಲಿನಲ್ಲಿ ಅದು ಮೀಡಿಯಂ ವೇವನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಮೇಲಿನದು ಉಳಿಯುತ್ತದೆ. ಆಗ 765 ಕಿಲೋಹರ್ಟ್ಸ್‌ನ ಧಾರವಾಡ ನಿಮ್ಮೂರಿಗಿಂತಲೂ ಎಷ್ಟೋ ದೂರಕ್ಕೆ ಹೋಗುತ್ತದೆ. ಎಫ್‌ಎಂನ 88ರಿಂದ 108 ಮೆಗಾಹರ್ಟ್ಸ್ ಈ ಪದರಗಳನ್ನು ತೂರಿಕೊಂಡು ಸೀದಾ ಆಕಾಶಕ್ಕೆ ಹೋಗುತ್ತದೆ, ಮರಳುವುದಿಲ್ಲ.

1901ರ ಡಿಸೆಂಬರ್ 12ರಂದು ಮಾರ್ಕೋನಿ ಇಂಗ್ಲೆಂಡಿನಿಂದ ಹೊರಟ ಸಿಗ್ನಲನ್ನು ಅಟ್ಲಾಂಟಿಕ್ ಆಚೆ ಕೇಳಿದೆ ಎಂದಾಗ ಭೂಮಿ ಗುಂಡಗಿರುವಾಗ ತರಂಗ ಅಲ್ಲಿಗೆ ಹೇಗೆ ಬಾಗಿತು ಎಂದು ಯಾರಿಗೂ ತಿಳಿದಿರಲಿಲ್ಲ. ಮೇಲೊಂದು ಪದರ ಇರಬೇಕು ಎಂದು ಮರುವರ್ಷ ಕೆನೆಲಿ ಮತ್ತು ಹೆವಿಸೈಡ್ ಎಂಬ ವಿಜ್ಞಾನಿಗಳು ಊಹಿಸಿದರು, 1924ರಲ್ಲಿ ಆಪಲ್ಟನ್ ಸಾಬೀತು ಮಾಡಿದರು. ಈ ಪದರಗಳ ಅಧ್ಯಯನದಲ್ಲಿ ಕೋಲ್ಕತ್ತದ ಶಿಶಿರ್ ಕುಮಾರ್ ಮಿತ್ರ ಅವರ ಕೆಲಸ ಬಹಳ ದೊಡ್ಡದು.

ಪ್ರಶ್ನೆ: ಟಿವಿಯಲ್ಲಿ ಸ್ಟುಡಿಯೊದವರು ಪ್ರಶ್ನೆ ಕೇಳಿದ ಮೇಲೂ ವರದಿಗಾರರು ಸುಮ್ನೆ ನಿಂತಿರುತ್ತಾರೆ. ಜೋರು ಮಳೆ ಬಂದರೆ ಡಿಟಿಎಚ್ ನಿಂತೇ ಹೋಗುತ್ತದೆ. ಎರಡೂ ಯಾಕೆ? (ಹಾಸನ)

ಉತ್ತರ: ಹಾಸನದವರೇ ಕೇಳಿದ್ದು ಚೆನ್ನಾಯಿತು, ನಿಮ್ಮೂರಲ್ಲೇ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ಇದೆಯಲ್ಲ, 1982ರಿಂದ. ಟಿವಿಗೆ ಬಳಸುವ ಉಪಗ್ರಹಗಳು ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿವೆ. ಆ ಎತ್ತರದಲ್ಲಿ ಒಂದು ಸುತ್ತಿಗೆ ಭೂಮಿಯ ಒಂದು ಸುತ್ತಿನಷ್ಟೇ ಹೊತ್ತು ಬೇಕಾಗುವುದರಿಂದ ನಮಗೆ ನಿಂತಲ್ಲೇ ನಿಂತಂತೆ ಕಾಣುತ್ತವೆ. ಮನೆ ಮೇಲಿನ ಡಿಶ್ ತಿರುಗಿಸಬೇಕಿಲ್ಲ, ಆಗ್ನೇಯಕ್ಕೆ ಮುಖ ಮಾಡಿ ಬಿಗಿದರೆ ಆಯಿತು. ಆದರೆ ಮೇಲೆ ಹೋಗಿ ಕೆಳಗೆ ಬರಲು 72,000 ಕಿ.ಮೀ., ಅಂದರೆ ಕಾಲು ಸೆಕೆಂಡ್. ಪ್ರಶ್ನೆ ಹೋಗಲು ಕಾಲು, ಉತ್ತರ ಬರಲು ಕಾಲು, ಚಿತ್ರವನ್ನು ಕುಗ್ಗಿಸಿ ಬಿಡಿಸಲು ಇನ್ನಷ್ಟು. ಈಗ ಅನೇಕ ವರದಿಗಾರರು ಬೆನ್ನಿನ ಚೀಲದಲ್ಲಿ ಹಲವು ಸಿಮ್ ಹಾಕಿದ ಯಂತ್ರ ಇಟ್ಟುಕೊಂಡು ಮೊಬೈಲ್ ನೆಟ್‌ವರ್ಕ್‌ನಲ್ಲೇ ಕಳಿಸುತ್ತಾರೆ, ಅದರಲ್ಲೂ ತಡ ಇದ್ದೇ ಇದೆ.

ಮಳೆಯ ವಿಷಯ ಸರಳ. ಡಿಟಿಎಚ್ ತರಂಗ ಎರಡೂವರೆ ಸೆಂಟಿಮೀಟರ್ ಉದ್ದ. ಅಷ್ಟು ಗಿಡ್ಡ ತರಂಗವನ್ನು ದಪ್ಪ ಹನಿಗಳು ಹೀರುತ್ತವೆ, ಚದುರಿಸುತ್ತವೆ. ತಂತ್ರಜ್ಞರನ್ನು ಕರೆದು ದುಡ್ಡು ಕೊಡಬೇಡಿ, ಮಳೆ ನಿಂತ ಮೇಲೆ ತಾನೇ ಬರುತ್ತದೆ.

ಪ್ರಶ್ನೆ: ಬೆಂಗಳೂರು ಹತ್ತಿರದ ಬ್ಯಾಲಾಳುವಿನಲ್ಲಿ ದೊಡ್ಡ ಡಿಶ್ ಇದೆಯಲ್ಲ, ಅಷ್ಟು ದೊಡ್ಡದು ಏಕೆ ಬೇಕು? (ರಾಮನಗರದ ಪಿಯುಸಿ ವಿದ್ಯಾರ್ಥಿನಿ)

ಉತ್ತರ: ಆ ಡಿಶ್ 32 ಮೀಟರ್ ಅಗಲ ಇದೆ ಕಣಮ್ಮಾ, 2008ರ ಚಂದ್ರಯಾನಕ್ಕಾಗಿ ಕಟ್ಟಿದ್ದು. ದೂರ ಎರಡರಷ್ಟಾದರೆ ಬರುವ ಶಕ್ತಿ ನಾಲ್ಕನೇ ಒಂದಾಗುತ್ತದೆ, ಹತ್ತರಷ್ಟಾದರೆ ನೂರನೇ ಒಂದು. ಚಂದ್ರ 3.84 ಲಕ್ಷ ಕಿ.ಮೀ. ದೂರ, ಅಲ್ಲಿಂದ ಸಿಗ್ನಲ್ ಬರಲು 1.3 ಸೆಕೆಂಡ್. ಮಂಗಳಕ್ಕೆ ಕೋಟಿಗಟ್ಟಲೆ ಕಿಲೋಮೀಟರ್. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರುವಾಗ ಸಿಗ್ನಲ್ ಬರುವುದಕ್ಕೇ ಸುಮಾರು 12 ನಿಮಿಷ ಬೇಕಿತ್ತು. ಆಗ ಇಲ್ಲಿಂದ ಸ್ಟಿಯರಿಂಗ್ ಹಿಡಿಯಲು ಆಗುವುದಿಲ್ಲ. ಯಾವ ಕ್ಷಣಕ್ಕೆ ಏನು ಮಾಡಬೇಕು ಎಂಬ ಆದೇಶಗಳನ್ನು ದಿನಗಳ ಮೊದಲೇ ಕಳಿಸಿ ನೌಕೆಯ ಕಂಪ್ಯೂಟರ್‌ನಲ್ಲಿ ಇಟ್ಟಿದ್ದರು.

ಅತಿ ದೂರದ ಉದಾಹರಣೆ ಅಮೆರಿಕದ ವಾಯೇಜರ್ 1 ನೌಕೆ. 1977ರಲ್ಲಿ ಹೊರಟದ್ದು, ಈಗ ಸುಮಾರು 2,500 ಕೋಟಿ ಕಿ.ಮೀ. ಆಚೆ ಇದೆ. ಅದರ ಮಾತು ನಮ್ಮನ್ನು ಮುಟ್ಟಲು 23 ಗಂಟೆ. ಅದರ ಟ್ರಾನ್ಸ್‌ಮಿಟರ್ ಶಕ್ತಿ ಸುಮಾರು 23 ವ್ಯಾಟ್, ಮನೆಯ ಎಲ್‌ಇಡಿ ಟ್ಯೂಬ್‌ಲೈಟ್‌ನಷ್ಟು. ಅದನ್ನು ಹಿಡಿಯಲು 70 ಮೀಟರ್ ಅಗಲದ ಡಿಶ್ ಬೇಕು, ಅದರ ರಿಸೀವರ್‌ನ ಮೊದಲ ಆಂಪ್ಲಿಫೈಯರನ್ನು ಅತಿ ತಣ್ಣಗೆ ಇಡಬೇಕು, ಇಲ್ಲದಿದ್ದರೆ ಅದರದೇ ಬಿಸಿಯ ಗದ್ದಲದಲ್ಲಿ ಸಿಗ್ನಲ್ ಮುಳುಗಿಹೋಗುತ್ತದೆ. ಜೊತೆಗೆ ನಿಧಾನವಾಗಿ ಮಾತಾಡಬೇಕು. ಅಲ್ಲಿಂದ ಸೆಕೆಂಡಿಗೆ ಬರುವುದು ಸಾಮಾನ್ಯವಾಗಿ 160 ಬಿಟ್, ಅಂದರೆ 160 ಸೊನ್ನೆ-ಒಂದುಗಳು ಮಾತ್ರ. ಅಂಕಿಗಳ ಜೊತೆ ತಾಳೆ ನೋಡುವ ಹೆಚ್ಚುವರಿ ಅಂಕಿಗಳನ್ನೂ ಕಳಿಸುವುದರಿಂದ ಒಂದೆರಡು ತಪ್ಪಾಗಿ ಬಂದರೂ ಲೆಕ್ಕ ಹಾಕಿ ಸರಿಮಾಡಬಹುದು. ನಿನ್ನ ಫೋನೂ ಇದೇ ಗಣಿತ ಬಳಸುತ್ತದೆ. ಇಂಜಿನಿಯರಿಂಗ್ ಯೋಚನೆ ಇದ್ದರೆ ಸಂಭವನೀಯತೆಯ ಪಾಠವನ್ನು ಬಿಡದೆ ಓದು.

ಪ್ರಶ್ನೆ: ಬೋಟು ದಡದಿಂದ ಸ್ವಲ್ಪ ದೂರ ಹೋದರೆ ಮೊಬೈಲ್ ಸಾಯುತ್ತದೆ. ಕಡಲಲ್ಲಿ ಗುಡ್ಡವೂ ಇಲ್ಲ, ಮರವೂ ಇಲ್ಲ. ಮತ್ತೇಕೆ? (ಮಲ್ಪೆ)

ಉತ್ತರ: ಭೂಮಿಯೇ ಅಡ್ಡ ಬರುತ್ತದೆ. ಕಡಲು ನಮಗೆ ಸಪಾಟು ಕಂಡರೂ ಅದು ಗುಂಡಗಿದೆ. ಲೆಕ್ಕ ಸುಲಭ: ಆಂಟೆನಾ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4ರಿಂದ ಗುಣಿಸಿ, ಅಷ್ಟು ಕಿಲೋಮೀಟರ್ ರೇಡಿಯೊ ದಿಗಂತ. ಬೋಟಿನ ಆಂಟೆನಾ 4 ಮೀಟರ್ ಎತ್ತರ ಇದ್ದರೆ 8 ಕಿ.ಮೀ. ಎದುರಿನ ಬೋಟಿಗೂ 8, ಕೂಡಿದರೆ 16. ದಡದ ಆಂಟೆನಾ 100 ಮೀಟರ್ ಎತ್ತರದಲ್ಲಿದ್ದರೆ 40, ನಿಮ್ಮದು 8, ಒಟ್ಟು 48. ಹಳೇ 2ಜಿಯಲ್ಲಿ ಇನ್ನೊಂದು ಮಿತಿ ಇತ್ತು, ಸಿಗ್ನಲ್ ಬರುವ ತಡವನ್ನು ಲೆಕ್ಕ ಹಾಕುವ ಪದ್ಧತಿಯಿಂದಾಗಿ 35 ಕಿ.ಮೀ. ಆಚೆ ಸಾಮಾನ್ಯವಾಗಿ ಕರೆ ನಡೆಯುತ್ತಿರಲಿಲ್ಲ.

ಅದಕ್ಕೇ ಮೊಬೈಲ್ ನಂಬಿ ಕಡಲಿಗೆ ಹೋಗಬೇಡಿ. ವಿಎಚ್‌ಎಫ್ ಸೆಟ್ಟಿನ (ಬೋಟಿನಲ್ಲಿ ಮಾತಾಡುವ ರೇಡಿಯೊ) ಆಂಟೆನಾವನ್ನು ಎಷ್ಟು ಮೇಲೆ ಕಟ್ಟಲು ಸಾಧ್ಯವೋ ಅಷ್ಟು ಮೇಲೆ ಕಟ್ಟಿ. 16ನೇ ಚಾನಲ್ ಅಪಾಯದ ಕರೆಗೆ ಮೀಸಲು, ಅದರಲ್ಲಿ ಹರಟೆ ಬೇಡ. ಇನ್ನೂ ದೂರ ಹೋಗುವವರು ಇಸ್ರೊ ರೂಪಿಸಿದ ಅಪಾಯ ಸೂಚಕ ಯಂತ್ರ ಇಟ್ಟುಕೊಳ್ಳಿ. ಗುಂಡಿ ಒತ್ತಿದರೆ ನೀವಿರುವ ಜಾಗ ಉಪಗ್ರಹದ ಮೂಲಕ ಕರಾವಳಿ ಕಾವಲು ಪಡೆಯವರಿಗೆ ಹೋಗುತ್ತದೆ. ಉಪಗ್ರಹ ಆಕಾಶದಲ್ಲಿ ಬಹಳ ಮೇಲಿರುವುದರಿಂದ ಭೂಮಿಯ ಗುಂಡು ಅದಕ್ಕೆ ಅಡ್ಡಿಯಲ್ಲ.

ಪ್ರಶ್ನೆ: ಗಾಜಿನೊಳಗೆ ಬೆಳಕು ಬಾಗುವುದನ್ನು ಮಕ್ಕಳಿಗೆ ಮನೆಯಲ್ಲೇ ತೋರಿಸಬಹುದಾ? (ಚಿತ್ರದುರ್ಗ)

ಉತ್ತರ: ಖಂಡಿತ. 1840ರ ದಶಕದಲ್ಲೇ ಜಿನೀವಾದ ವಿಜ್ಞಾನಿ ಕೊಲಾಡಾನ್ ನೀರಿನ ಧಾರೆಯಲ್ಲಿ ಇದನ್ನು ತೋರಿಸಿದ್ದರು. ಎರಡು ಲೀಟರಿನ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯ ಪಕ್ಕದಲ್ಲಿ, ಬುಡದಿಂದ ನಾಲ್ಕು ಬೆರಳು ಮೇಲೆ, ಕಾಯಿಸಿದ ಮೊಳೆಯಿಂದ ನುಣುಪಾದ ತೂತು ಮಾಡಿ. ನೀರು ತುಂಬಿ ಬಕೆಟ್ ಮೇಲೆ ಇಡಿ, ಮುಚ್ಚಳ ತೆಗೆದರೆ ಧಾರೆ ಬಾಗಿ ಬೀಳುತ್ತದೆ. ಕೋಣೆ ಕತ್ತಲು ಮಾಡಿ ಬಾಟಲಿಯ ಹಿಂದಿನಿಂದ ಲೇಸರ್ ಪಾಯಿಂಟರನ್ನು ತೂತಿಗೆ ನೇರವಾಗಿ ಹಿಡಿಯಿರಿ. ಬೆಳಕು ಸೀದಾ ಹೋಗದೆ ನೀರಿನ ಜೊತೆ ಬಾಗಿ ಬಕೆಟ್‌ಗೆ ಇಳಿಯುತ್ತದೆ. ಸರಿಯಾಗಿ ಕಾಣದಿದ್ದರೆ ಬಾಟಲಿ ನೀರಿಗೆ ಎರಡು ಹನಿ ಹಾಲು ಹಾಕಿ. ಲೇಸರ್ ದೊಡ್ಡವರ ಕೈಯಲ್ಲೇ ಇರಲಿ, ಕಣ್ಣಿಗೆ ಯಾರೂ ಬಿಟ್ಟುಕೊಳ್ಳಬಾರದು. ನೀರು ಮುಗಿಯುತ್ತಾ ಬಂದು ಧಾರೆ ಹನಿಹನಿಯಾಗಿ ಒಡೆದಾಗ ಬೆಳಕೂ ಚದುರುತ್ತದೆ. ಯಾಕೆ ಹಾಗಾಯಿತು ಎಂದು ಮಕ್ಕಳನ್ನೇ ಕೇಳಿ, ಅವರು ಹೇಳಿದ್ದನ್ನು ನನಗೆ ಬರೆದು ಕಳಿಸಿ.